ತಾಯಿಗೆ ಬಿಡುವೆಲ್ಲಿ?

ಹಿಂದೂಪುರದ ಸುತ್ತಮುತ್ತಲಿನ ಅನೇಕ ತಾಯಂದಿರು ಇಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾರೆ. ಕೆಲವರು ಕುಳಿತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಾರೆ. ಕಲ್ಯಾಣದುರ್ಗದ ಕಡೆಯವರಿಗೆ ಕಡಲೆಕಾಯಿ ಹೊಲದ ಕೂಲಿ. ಸಂಜೆ ಮನೆಗೆ ಬಂದರೆ ಮುದ್ದೆ, ಸಾರು, ಮುಸುರೆ ಪಾತ್ರೆ, ನೀರು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ. ಮನೆಗೆಲಸ ಮಾಡುವ ಗಂಡಸು 97 ನಿಮಿಷ. ಮಾಡದ ಗಂಡಸರು ಈ ಲೆಕ್ಕಕ್ಕೆ ಬರುವುದೇ ಇಲ್ಲ!

ಈ ಭಾರ ಇಳಿಸಲು ಎಷ್ಟೋ ಮನೆಗಳಲ್ಲಿ ಕಂಡುಕೊಂಡಿರುವ ಉಪಾಯವೆಂದರೆ ಮಗಳನ್ನು ಕೆಲಸಕ್ಕೆ ಹಚ್ಚುವುದು. ಹತ್ತನೆಯ ತರಗತಿಯ ಹುಡುಗಿ ಪಾತ್ರೆ ಬೆಳಗುವ ಹೊತ್ತಿಗೆ ಅವಳ ಅಣ್ಣ ಮೊಬೈಲು ಹಿಡಿದು ಕುಳಿತಿರುತ್ತಾನೆ. ಇದು ನನಗೆ ಒಪ್ಪಿಗೆಯಿಲ್ಲ. ನೀರು ತುಂಬಲು, ಅಕ್ಕಿ ಆರಿಸಲು ಗಂಡುಮಕ್ಕಳ ಕೈಗೇನು ಅಡ್ಡಿ? ಮುದ್ದೆ ತೊಳಸಲು ತೋಳಿನಲ್ಲಿ ಬಲ ಬೇಕು. ಅದು ಅವರಿಗೇ ತಕ್ಕ ಕೆಲಸ.

ಶಾಲೆಗಳದೂ ತಪ್ಪಿದೆ. ಪೋಷಕರ ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದು, ತಾಯಂದಿರು ಬರುವುದಿಲ್ಲವೆಂದು ದೂರುವುದು ನ್ಯಾಯವಲ್ಲ. ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಸಭೆಯನ್ನು ಭಾನುವಾರ ಸಂಜೆ ಇಡೋಣ. ತಂದೆಯವರೂ ಬರಲಿ, ಅಂದಿನ ಅಡುಗೆ ಮಕ್ಕಳದಾಗಲಿ.