ನಿಕಾಹ್ ಒಂದು, ಪಾಸ್‌ಪೋರ್ಟ್ ಎರಡು

ನಮ್ಮ ಮದ್ರಸದಲ್ಲಿ ಕಲಿತ ಒಬ್ಬಳು ಹುಡುಗಿಯ ನಿಕಾಹ್ ಎರಡು ವರ್ಷದ ಹಿಂದೆ ನಡೆಯಿತು. ಜಮಾಅತ್‌ನ ನಿಕಾಹ್ ರಿಜಿಸ್ಟರ್ ಬರೆದವನು ನಾನೇ. ಹುಡುಗ ನಮ್ಮವನೇ, ಅಜ್ಜನ ಮನೆ ಪಕ್ಕದ ಊರು. ಬೆಳೆದದ್ದು ಮಾತ್ರ ಇಂಗ್ಲೆಂಡಿನಲ್ಲಿ, ಕೈಯಲ್ಲಿರುವುದು ಬ್ರಿಟಿಷ್ ಪಾಸ್‌ಪೋರ್ಟ್. ಮದುವೆ ಮಾತುಕತೆಯಲ್ಲಿ ಹುಡುಗನ ಕೆಲಸಕ್ಕಿಂತ ಮೊದಲು ಪ್ರಸ್ತಾಪ ಆದದ್ದೂ ಅದೇ ಪಾಸ್‌ಪೋರ್ಟ್. ಹಿಂದೆ ನಮ್ಮಲ್ಲಿ "ಹುಡುಗ ದುಬೈಯಲ್ಲಿದ್ದಾನೆ" ಎನ್ನುತ್ತಿದ್ದರಲ್ಲ, ಈಗ ಆ ಜಾಗಕ್ಕೆ ಇದು ಬಂದು ಕೂತಿದೆ.

ಮದುವೆ ಕಳೆದು ಮೂರನೇ ವಾರ ಇಬ್ಬರೂ ಇಸ್ತಾಂಬುಲ್‌ಗೆ ಹೊರಟರು. ಟಿಕೆಟ್, ಹೊಟೇಲ್ ಎಲ್ಲ ಹುಡುಗನೇ ಬುಕ್ ಮಾಡಿದ್ದ. ಅವನು ಮೊದಲೇ ಎರಡು ಸಲ ಅಲ್ಲಿಗೆ ಹೋಗಿ ಬಂದವನು, ವೀಸಾದ ನೆನಪೇ ಬರಲಿಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವನ ಬೋರ್ಡಿಂಗ್ ಪಾಸ್ ಬಂತು. ಅವಳದು ಬರಲಿಲ್ಲ. "ನಿಮ್ಮ ವೀಸಾ ಎಲ್ಲಿ?" ಎಂದು ಕೇಳಿದ್ದಕ್ಕೆ ಈ ಹುಡುಗಿ, "ನಾನು ಇವರ ಹೆಂಡತಿ" ಎಂದಳಂತೆ.

ಅವಳ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೌಂಟರಿನವರು ಕೇಳಿದ್ದು ಅದಲ್ಲ.

ಟರ್ಕಿಗೆ ಬ್ರಿಟಿಷ್ ಪಾಸ್‌ಪೋರ್ಟಿನವರು ಪ್ರವಾಸಕ್ಕೆ ಹೋಗಲು 2020ರ ಮಾರ್ಚ್‌ನಿಂದ ವೀಸಾ ಬೇಕಿಲ್ಲ. ಭಾರತದ ಪಾಸ್‌ಪೋರ್ಟಿಗೆ ಬೇಕು. ಅದೂ ಮೊಬೈಲ್‌ನಲ್ಲಿ ಹತ್ತು ನಿಮಿಷದಲ್ಲಿ ಸಿಗುವ ಇ-ವೀಸಾ ಸಿಗಬೇಕಾದರೆ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಪೈಕಿ ಒಂದರ ವೀಸಾವೋ ವಾಸದ ಪರವಾನಿಗೆಯೋ ಚಾಲ್ತಿಯಲ್ಲಿರಬೇಕು. ನಮ್ಮ ಊರಿಂದ ಹೊರಗೇ ಕಾಲಿಡದ ಹುಡುಗಿಯ ಬಳಿ ಅದೆಲ್ಲಿಂದ ಬರಬೇಕು? ಅಂಥವರು ಮುಂಚಿತವಾಗಿ ಅರ್ಜಿ ಹಾಕಿ, ಪಾಸ್‌ಪೋರ್ಟ್ ಕೊಟ್ಟು, ಸ್ಟಿಕರ್ ಅಂಟಿಸಿಕೊಂಡು ಹೋಗಬೇಕು. ವೀಸಾ ಇಲ್ಲದವರನ್ನು ಹತ್ತಿಸಿಕೊಂಡರೆ ವಿಮಾನ ಕಂಪೆನಿಯೇ ದಂಡ ಕಟ್ಟಿ ವಾಪಸ್ ಕರೆತರಬೇಕಾಗುತ್ತದೆ. ಹಾಗಾಗಿ ಕೌಂಟರಿನವರ ಹತ್ತಿರ ಜಗಳ ಮಾಡಿ ಪ್ರಯೋಜನವಿಲ್ಲ.

ಹುಡುಗನ ಕಾಕ ಒಬ್ಬರು ಫೋನಿನಲ್ಲಿ, "ಹೊಟೇಲ್ ದುಡ್ಡು ಹೋಗುತ್ತದಲ್ಲ, ನೀನಾದರೂ ಹೋಗಿ ಬಾ" ಎಂದರಂತೆ. ಹುಡುಗ ಹೋಗಲಿಲ್ಲ. ಇಬ್ಬರೂ ಸೂಟ್‌ಕೇಸ್ ಎಳೆದುಕೊಂಡು ಮನೆಗೆ ಬಂದರು. ಆ ಮಟ್ಟಿಗೆ ಅವನು ಒಳ್ಳೆಯವನು, ಇದನ್ನು ನಾನು ಎಲ್ಲಿಯೂ ಹೇಳುತ್ತೇನೆ. ಆದರೆ ಮನೆಯಲ್ಲಿ ಬಂದ ಮಾತು ಬೇರೆ: "ಇವಳಿಂದ ಹೀಗಾಯಿತು." ಇವಳೇನು ಮಾಡಿದಳು? ಹುಟ್ಟಿದ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡದ್ದು ತಪ್ಪಾ? ಹುಡುಗನ ಪಾಸ್‌ಪೋರ್ಟ್ ನೋಡಿ ಸಂಬಂಧ ಮಾಡುವಾಗ, ಆ ಪಾಸ್‌ಪೋರ್ಟಿನ ಅನುಕೂಲ ಹೆಂಡತಿಗೆ ತಾನಾಗಿ ಬರುವುದಿಲ್ಲ ಎಂದು ಎರಡು ಮನೆಯ ಹಿರಿಯರಲ್ಲಿ ಒಬ್ಬರೂ ಯೋಚಿಸಲಿಲ್ಲ. ನಾನೂ ಯೋಚಿಸಿರಲಿಲ್ಲ.

ಇಷ್ಟು ವರ್ಷ ನಮಗೆ ಈ ಸಮಸ್ಯೆ ಗೊತ್ತಿಲ್ಲದಿರಲು ಕಾರಣವಿದೆ. ಗಲ್ಫ್‌ನಲ್ಲಿ ಮೂವತ್ತು ವರ್ಷ ದುಡಿದರೂ ನಮ್ಮವರಿಗೆ ಅಲ್ಲಿನ ಪೌರತ್ವ ಸಿಗಲಿಲ್ಲ, ಅಲ್ಲೇ ಹುಟ್ಟಿದ ಮಕ್ಕಳಿಗೂ ಇಲ್ಲ. ಗಂಡ, ಹೆಂಡತಿ, ಮಕ್ಕಳು ಎಲ್ಲರ ಕೈಯಲ್ಲೂ ಅದೇ ನೀಲಿ ಪುಸ್ತಕ. ವೀಸಾ ಸಿಕ್ಕರೆ ಎಲ್ಲರಿಗೂ ಸಿಕ್ಕಿತು, ಇಲ್ಲದಿದ್ದರೆ ಯಾರಿಗೂ ಇಲ್ಲ. ಈಗ ಮಕ್ಕಳು ಕಲಿಯಲು, ದುಡಿಯಲು ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಎಂದು ಹೋಗಿ ಅಲ್ಲಿನ ಪೌರರಾಗುತ್ತಿದ್ದಾರೆ. ಭಾರತದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳಲು ಆಗುವುದಿಲ್ಲ, ಬೇರೆ ದೇಶದ ಪೌರನಾದವನು ಭಾರತದ ಪಾಸ್‌ಪೋರ್ಟ್ ಒಪ್ಪಿಸಲೇಬೇಕು. ಓಸಿಐ ಕಾರ್ಡ್ ಇದೆಯಲ್ಲ ಎನ್ನುತ್ತಾರೆ. ಅದು ಭಾರತಕ್ಕೆ ಬಂದು ಹೋಗಲು ಇರುವ ಅನುಕೂಲ, ಪೌರತ್ವ ಅಲ್ಲ. ಮೂರನೇ ದೇಶದ ಬಾಗಿಲಲ್ಲಿ ಅದನ್ನು ಯಾರೂ ನೋಡುವುದಿಲ್ಲ.

ವೀಸಾ ಅಧಿಕಾರಿಗೆ ಗಂಡ ಹೆಂಡತಿ ಎಂದರೆ ಎರಡು ಅರ್ಜಿ, ಎರಡು ಪಾಸ್‌ಪೋರ್ಟ್. ವಿಮಾನ ಬದಲಿಸುವಲ್ಲಿ ಕೂಡ ಇದೇ ಕಥೆ. ಲಂಡನ್ನಿನಲ್ಲಿ ವಿಮಾನ ಬದಲಿಸಿ ಮುಂದೆ ಹೋಗಲಿಕ್ಕೂ ಭಾರತದ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು, ಕೆಲವು ವಿನಾಯಿತಿ ಬಿಟ್ಟರೆ. ಪಕ್ಕದ ಸೀಟಿನಲ್ಲಿ ಕೂತ ಗಂಡನಿಗೆ ಏನೂ ಬೇಡ.

ಮದುವೆಯ ಸಂಬಂಧವನ್ನೇ ನೋಡಿ ದಾರಿ ಬಿಡುವ ಕಾನೂನು ಒಂದಿದೆ, ಅದು ಯುರೋಪಿಯನ್ ಒಕ್ಕೂಟದ್ದು, 2004ರಲ್ಲಿ ಮಾಡಿದ್ದು. ಉದಾಹರಣೆಗೆ ಗಂಡ ಐರ್ಲೆಂಡಿನ ಪೌರ, ಹೆಂಡತಿ ಭಾರತದವಳು, ಇಬ್ಬರೂ ಒಟ್ಟಿಗೆ ಸ್ಪೇನ್‌ಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಆಗ ಅವಳಿಗೆ ಉಚಿತವಾಗಿ, ಬೇಗನೆ ವೀಸಾ ಕೊಡಬೇಕು. ಬ್ಯಾಂಕಿನಲ್ಲಿ ಎಷ್ಟಿದೆ, ಯಾವ ಹೊಟೇಲ್ ಎಂದೆಲ್ಲ ಕೇಳುವಂತಿಲ್ಲ. ಅವನು ಒಕ್ಕೂಟದ ಪೌರ, ಇವಳು ಅವನ ಹೆಂಡತಿ, ಇಬ್ಬರೂ ಜೊತೆಯಾಗಿ ಹೋಗುತ್ತಿದ್ದಾರೆ, ಇಷ್ಟು ತೋರಿಸಿದರೆ ಸಾಕು. ಆದರೆ ಅವನ ಸ್ವಂತ ದೇಶಕ್ಕೇ, ಅಂದರೆ ಐರ್ಲೆಂಡಿಗೇ ಹೋಗುವುದಾದರೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅಲ್ಲಿನ ಕಾನೂನೇ ಬೇರೆ. ವಿಚಿತ್ರ ಎನಿಸುತ್ತದೆ, ಆದರೆ ಹಾಗೆಯೇ ಇದೆ. ಬ್ರಿಟಿಷರಿಗೂ ಈ ಅನುಕೂಲ ಇತ್ತು, ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ 2020ರ ಕೊನೆಗೆ ಅದು ನಿಂತಿತು. ಈಗ ಬ್ರಿಟಿಷ್ ಗಂಡನ ಭಾರತೀಯ ಹೆಂಡತಿ ಷೆಂಗೆನ್ ವೀಸಾಕ್ಕೆ ಎಲ್ಲರಂತೆ ಅರ್ಜಿ ಹಾಕಬೇಕು. 2024ರ ಜೂನ್‌ನಿಂದ ಅದರ ಶುಲ್ಕ 90 ಯೂರೋ, ತಿರಸ್ಕಾರವಾದರೂ ವಾಪಸ್ ಇಲ್ಲ.

ಇನ್ನು ಟೂರಿಸ್ಟ್ ವೀಸಾದ ಹೆಸರಿನಲ್ಲಿ ನಮ್ಮವರು ಮಾಡುವ ಒಂದು ಉಪಾಯದ ಬಗ್ಗೆ ಹೇಳಲೇಬೇಕು. ಬ್ರಿಟನ್ನಿನಲ್ಲಿರುವ ಗಂಡ ಹೆಂಡತಿಯನ್ನು ಶಾಶ್ವತವಾಗಿ ಕರೆಸಿಕೊಳ್ಳಲು ಸ್ಪೌಸ್ ವೀಸಾ ಬೇಕು. ಅದಕ್ಕೆ 2024ರ ಎಪ್ರಿಲ್‌ನಿಂದ ಹೊಸ ಅರ್ಜಿದಾರರಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕೆಂದು ಮಾಡಿದರು. ಅಷ್ಟು ಸಂಬಳ ಇಲ್ಲದ ಹುಡುಗ, "ಸದ್ಯ ವಿಸಿಟ್‌ನಲ್ಲಿ ಬರಲಿ, ಬಂದ ಮೇಲೆ ಅಲ್ಲೇ ಬದಲಿಸಿದರಾಯಿತು" ಎನ್ನುತ್ತಾನೆ. ಊರಿನ ಹಿರಿಯರು ತಲೆ ಆಡಿಸುತ್ತಾರೆ. ಅಲ್ಲಿಗೆ ವಿಸಿಟರ್ ಆಗಿ ಹೋದವಳು ಅಲ್ಲೇ ಇದ್ದುಕೊಂಡು ಸ್ಪೌಸ್ ವೀಸಾಕ್ಕೆ ಬದಲಾಗಲು ನಿಯಮವೇ ಬಿಡುವುದಿಲ್ಲ. ನೋಡಿ ವಾಪಸ್ ಬರುವವಳು ಎಂದು ಅರ್ಜಿಯಲ್ಲಿ ಬರೆದು, ಮನಸ್ಸಿನಲ್ಲಿ ಅಲ್ಲೇ ನಿಲ್ಲುವ ನಿಯ್ಯತ್ ಇಟ್ಟುಕೊಂಡರೆ ಅದು ಸುಳ್ಳು. ಸಿಕ್ಕಿಬಿದ್ದರೆ ಅರ್ಜಿ ಹಾಕಿದವಳ ಹೆಸರಿಗೇ ಕಪ್ಪು ಚುಕ್ಕೆ, ಗಂಡನ ಪಾಸ್‌ಪೋರ್ಟಿಗೆ ಏನೂ ಆಗುವುದಿಲ್ಲ. ಅಮೆರಿಕದಲ್ಲಂತೂ ಪ್ರವಾಸಿ ವೀಸಾ ಕೇಳುವವರು ಅಲ್ಲೇ ನೆಲೆಸಲು ಬರುತ್ತಾರೆ ಎಂದೇ ಮೊದಲು ಭಾವಿಸುವುದು ಕಾನೂನು, ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರರದು. ಗಂಡ ಅಮೆರಿಕನ್ ಎಂದರೆ ಆ ಸಂಶಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈಗ ನನ್ನ ಕಡೆಯ ತಪ್ಪಿಗೆ ಬರುತ್ತೇನೆ. ಇಸ್ತಾಂಬುಲ್ ತಪ್ಪಿದ ಮೇಲೆ ಅದೇ ಹುಡುಗಿಗೆ ಬ್ರಿಟನ್ನಿನ ವೀಸಾಕ್ಕೆ ಕಾಗದ ಜೋಡಿಸಲು ಶುರು ಮಾಡಿದರು. ಒಂದು ದಿನ ಅಸರ್ ಕಳೆದು ಅವಳ ಬಾಪ ಮದ್ರಸಕ್ಕೆ ಬಂದರು. "ಉಸ್ತಾದರೇ, ಬೇಜಾರು ಮಾಡಬೇಡಿ, ಇದು ಯಾರ ಹೆಸರು?" ಎಂದು ನಿಕಾಹ್ ಸರ್ಟಿಫಿಕೇಟ್ ಮುಂದಿಟ್ಟರು. ನಾನು ಬರೆದದ್ದು ಮನೆಯಲ್ಲಿ, ಮದ್ರಸದಲ್ಲಿ ಅವಳನ್ನು ಕರೆಯುವ ಹೆಸರು. ಪಾಸ್‌ಪೋರ್ಟಿನಲ್ಲಿ ಇದ್ದದ್ದು ಬೇರೆ ಅಕ್ಷರ, ಜೊತೆಗೆ ಬಾಪನ ಹೆಸರು. ಹತ್ತು ವರ್ಷದಿಂದ ಗೊತ್ತಿರುವ ಹುಡುಗಿ ಎಂದು ನಾನು ಕೇಳದೆ ಬರೆದಿದ್ದೆ. ಮದುವೆಯಾದವಳು ಮತ್ತು ಪಾಸ್‌ಪೋರ್ಟಿನಲ್ಲಿರುವವಳು ಒಬ್ಬಳೇ ಎಂದು ಸಾಬೀತು ಮಾಡಲು ಆ ಮನುಷ್ಯ ಅಫಿದವಿತ್, ಆ ಕಾಗದ, ಈ ಕಾಗದ ಎಂದು ಒಂದೂವರೆ ತಿಂಗಳು ಓಡಾಡಿದರು. ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಅದರ ಮೇಲೆ ಇನ್ನೊಂದು ಪ್ರಶ್ನೆ. ಜಮಾಅತ್‌ನ ಸರ್ಟಿಫಿಕೇಟ್ ಸಾಕಾ, ಸರಕಾರದ್ದು ಬೇಕಾ? ನಿಕಾಹ್ ಸಿಂಧುವಾಗಲು ನಮ್ಮ ರಿಜಿಸ್ಟರ್ ಕೂಡ ಬೇಕಿಲ್ಲ, ಈಜಾಬ್, ಖಬೂಲ್, ವಲಿಯ್ಯ್, ಸಾಕ್ಷಿ ಇದ್ದರೆ ಆಯಿತು. ಆದರೆ ಬೇರೆ ದೇಶದ ಕಚೇರಿಯವರಿಗೆ ನಮ್ಮ ಮಸೀದಿಯ ಸೀಲ್ ಗೊತ್ತಿರುವುದಿಲ್ಲ. ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಸರಕಾರ ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಬೋರ್ಡಿನ ಜಿಲ್ಲಾ ಅಧಿಕಾರಿಗಳಿಗೆ ಕೊಟ್ಟಿತು, 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಜನ ಎಲ್ಲಿಗೆ ಹೋಗಬೇಕು ಎಂದು ಗೊಂದಲಕ್ಕೆ ಬಿದ್ದರು.

ನೋಂದಣಿ ಎಂದರೆ ನಮ್ಮವರು ಹಿಂಜರಿಯಲು ಒಂದು ನ್ಯಾಯವಾದ ಕಾರಣವೂ ಇದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಿದರೆ ಆಸ್ತಿ ಹಂಚಿಕೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆಗುತ್ತದೆ, ಶರೀಅತ್‌ನ ಮೀರಾಸ್ ಪ್ರಕಾರ ಅಲ್ಲ. ಇದು ಗೊತ್ತಿಲ್ಲದೆ ಸಹಿ ಹಾಕಿದವರು ಇದ್ದಾರೆ. ವಿವಾಹ ನೋಂದಣಿಗೇ ಆದ ಕರ್ನಾಟಕದ 1976ರ ಕಾಯ್ದೆ ಬೇರೆ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫಾರಂ ಕೈಗೆ ಬಂದಾಗ ಇದು ಯಾವ ಕಾಯ್ದೆಯ ಫಾರಂ ಎಂದು ಕೇಳಿ, ಗೊತ್ತಿರುವ ವಕೀಲರಿಗೆ ತೋರಿಸಿ, ಆಮೇಲೆ ಸಹಿ ಹಾಕಿ. ಕೇಳಲು ಸಂಕೋಚ ಯಾಕೆ? ಬೇರೆ ದೇಶಕ್ಕೆ ಕಳಿಸುವ ಕಾಗದವಾದರೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಬೇಕಾಗಬಹುದು, ಅದೂ ಸರಕಾರಿ ಪ್ರಮಾಣಪತ್ರ ಇದ್ದರೆ ಸುಲಭ. ವಿದೇಶದ ಹುಡುಗಿಯನ್ನು ಮದುವೆಯಾಗಿ ಇಲ್ಲಿಗೆ ತಂದವರಿಗೂ ಇದೇ ಮಾತು. ಹೆಂಡತಿ ಎಂಬ ನೆಲೆಯಲ್ಲಿ ಓಸಿಐ ಸಿಗಬೇಕಾದರೆ ಮದುವೆ ನೋಂದಣಿಯಾಗಿ, ಕನಿಷ್ಠ 2 ವರ್ಷ ನಿರಂತರವಾಗಿ ಉಳಿದಿರಬೇಕು.

ಜಮಾಅತ್‌ಗಳಿಗೆ ನನ್ನ ವಿನಂತಿ ಇಷ್ಟೆ. ನಿಕಾಹ್ ರಿಜಿಸ್ಟರಿನಲ್ಲಿ ಇಬ್ಬರ ಪಾಸ್‌ಪೋರ್ಟಿನ ಹೆಸರಿಗೆ, ದೇಶಕ್ಕೆ ಒಂದು ಕಾಲಂ ಹಾಕಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಆಧಾರ್ ನೋಡಿ ಬರೆಯಿರಿ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಎಂದು 2022ರ ನವೆಂಬರ್‌ನಲ್ಲಿ ಯುಎಇ ಹೇಳಿದಾಗ ನಮ್ಮ ಎಷ್ಟು ಉಮ್ಮಂದಿರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದೆ ಎಂದು ಗೊತ್ತಾಯಿತಲ್ಲ, ಅದನ್ನು ಮರೆಯಬಾರದು. ಮಹರ್ ಎಷ್ಟು ಎಂದು ಎರಡೆರಡು ಸಲ ಕೇಳಿ ಬರೆಯುವ ನಾವು ಹೆಸರಿನ ಅಕ್ಷರವನ್ನೂ ಕೇಳೋಣ. ನಮ್ಮ ಜಮಾಅತ್‌ನಲ್ಲಿ ಕಳೆದ ರಮಳಾನ್‌ನಿಂದ ಕಾಲಂ ಹಾಕಿದ್ದೇವೆ. ಕಾರ್ಯದರ್ಶಿಯವರು ಮೊದಲು, "ಇದು ಮಸೀದಿಯಾ, ಟ್ರಾವೆಲ್ಸಾ?" ಎಂದು ನಕ್ಕಿದ್ದರು. ಅವರ ಮಗಳ ಸಂಬಂಧ ಈಗ ಐರ್ಲೆಂಡ್ ಪಾಸ್‌ಪೋರ್ಟಿನ ಹುಡುಗನ ಜೊತೆ ಮಾತಾಗುತ್ತಿದೆ. ಮೊನ್ನೆ ಸ್ಪೇನ್ ವಿಷಯ ನನ್ನಿಂದ ಮೂರು ಸಲ ಹೇಳಿಸಿಕೊಂಡರು.

ಆ ಹುಡುಗಿ ಹೋದ ತಿಂಗಳು ಫೋನ್ ಮಾಡಿದ್ದಳು. ಬ್ರಿಟನ್ನಿನ ಅರ್ಜಿ ಇನ್ನೂ ನಡೆಯುತ್ತಿದೆ, ಅಷ್ಟರಲ್ಲಿ ಗಂಡ ರಜೆಗೆ ಬಂದಿದ್ದಾನೆ, ಇಬ್ಬರೂ ಮಾಲ್ಡೀವ್ಸ್‌ಗೆ ಹೋಗುತ್ತಾರಂತೆ. ಅಲ್ಲಿ ಹೆಚ್ಚುಕಡಿಮೆ ಎಲ್ಲ ದೇಶಗಳ ಪಾಸ್‌ಪೋರ್ಟಿಗೂ ಬಂದಿಳಿದ ಮೇಲೆ ಉಚಿತವಾಗಿ ಪ್ರವಾಸಿ ವೀಸಾ ಕೊಡುತ್ತಾರೆ. ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಇರಬೇಕು, ಹೊರಡುವ ಮುಂಚಿನ 96 ಗಂಟೆಗಳೊಳಗೆ ಆನ್‌ಲೈನ್ ಫಾರಂ ತುಂಬಬೇಕು, ಅಷ್ಟೆ. "ಈ ಸಲ ನಾನೇ ಎಲ್ಲ ಓದಿ ನೋಡಿದ್ದೇನೆ ಉಸ್ತಾದ್, ಅವರನ್ನು ನಂಬಲಿಲ್ಲ" ಎಂದು ನಕ್ಕಳು. ಆಮೇಲೆ ಸ್ವಲ್ಪ ತಡೆದು, ಸರಿ ಮಾಡಿದ ನಿಕಾಹ್ ಸರ್ಟಿಫಿಕೇಟಿನ ಇನ್ನೊಂದು ಪ್ರತಿ ಸಿಗಬಹುದಾ ಎಂದು ಕೇಳಿದಳು. ಬೇಕಾಗಲಿಕ್ಕಿಲ್ಲ, ಆದರೂ ಬ್ಯಾಗಿನಲ್ಲಿ ಇರಲಿ ಅಂತ.