ನಟಿಗೆ ಕ್ಯಾಮೆರಾ ಹಿಂದೆ ಜಾಗ

ನಟಿಯೊಬ್ಬಳು ಹಾಡಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ನಟಿ ನಿರ್ದೇಶನಕ್ಕಿಳಿದರೆ ‘ಇದೆಲ್ಲ ಇವರಿಗೇಕೆ ಬೇಕಿತ್ತು’ ಎಂಬ ಮಾತು ಏಳುತ್ತದೆ. ಹಾಡಿಗೆ ಇಲ್ಲದ ಆಕ್ಷೇಪ ನಿರ್ದೇಶನಕ್ಕೆ ಮಾತ್ರ ಏಕೆ? ಫ್ರಾನ್ಸಿನ ಜಾನ್ ಮೊರೋ (1928–2017) ಮೂರನ್ನೂ ಮಾಡಿದವರು. ಒಬ್ಬರೇ ಇಷ್ಟು ಕಲೆಗಳಿಗೆ ಕೈಹಾಕಬಹುದೇ ಎಂದು ಕೇಳುವುದಕ್ಕಿಂತ, ಯಾರಿಗೆ ಯಾವ ಕೆಲಸ ಯಾವ ವಯಸ್ಸಿಗೆ ದಕ್ಕುತ್ತದೆ ಎಂದು ಕೇಳುವುದೇ ಸರಿ ಎಂದು ಅವರ ಬದುಕನ್ನು ನೋಡಿದಾಗ ಅನ್ನಿಸುತ್ತದೆ.

ಮೊರೋ ಅವರ ತಾಯಿ ಇಂಗ್ಲೆಂಡಿನಿಂದ ಪ್ಯಾರಿಸ್ಸಿಗೆ ಬಂದ ನರ್ತಕಿ. ಮಗಳು ನಾಟಕಕ್ಕೆ ಸೇರುವುದು ತಂದೆಗೆ ಸುತರಾಂ ಇಷ್ಟವಿರಲಿಲ್ಲ. ಆದರೂ 1947ರಲ್ಲಿ ಆಕೆ ಕಾಮೆದಿ ಫ್ರಾಂಸೇಸ್ ಎಂಬ ಹೆಸರಾಂತ ರಂಗಸಂಸ್ಥೆಯಲ್ಲಿದ್ದರು. ಆಮೇಲೆ ಸಾಲುಸಾಲು ಸಿನಿಮಾ. ಆದರೆ ಆ ಮುಖದ ನಿಜವಾದ ಶಕ್ತಿಯನ್ನು ಜನ ಕಂಡದ್ದು 1958ರಲ್ಲಿ ತೆರೆಕಂಡ ಲೂಯಿ ಮಾಲ್ ಅವರ ‘ಎಲಿವೇಟರ್ ಟು ದ ಗ್ಯಾಲೋಸ್’ನಲ್ಲಿ. ಪ್ರಿಯಕರ ಬರಲಿಲ್ಲವೆಂದು ನಾಯಕಿ ರಾತ್ರಿಯಿಡೀ ಪ್ಯಾರಿಸ್ ಬೀದಿಗಳಲ್ಲಿ ಅಲೆಯುತ್ತಾಳೆ. ಮುಖಕ್ಕೆ ಮೇಕಪ್ ಇಲ್ಲ, ಸ್ಟುಡಿಯೋ ದೀಪಗಳಿಲ್ಲ. ಅಂಗಡಿಗಳ ಗಾಜಿನಿಂದ ಬೀದಿಗೆ ಬೀಳುವ ಬೆಳಕಷ್ಟೇ ಛಾಯಾಗ್ರಾಹಕ ಆಂರಿ ದೆಕೇ ಅವರಿಗೆ ಆಸರೆ. ಹಿನ್ನೆಲೆಯಲ್ಲಿ ಮೈಲ್ಸ್ ಡೇವಿಸ್ ಅವರ ಕಹಳೆ. ಕಣ್ಣ ಕೆಳಗಿನ ಕಪ್ಪು, ಕೆಳಗಿಳಿದ ತುಟಿಯ ಅಂಚು ಯಾವುದನ್ನೂ ಮೊರೋ ಮುಚ್ಚಿಕೊಳ್ಳಲಿಲ್ಲ. ತನ್ನ ಮುಖ ಹೇಗಿದೆಯೋ ಹಾಗೆ ಕಾಣಲಿ ಎಂದು ಒಪ್ಪಿಕೊಂಡ ನಟಿ, ಸಿನಿಮಾ ಹೇಗಿರಬೇಕೆಂಬ ತೀರ್ಮಾನದಲ್ಲೂ ಆಗಲೇ ಪಾಲು ಪಡೆದಿದ್ದಳು ಎಂಬುದು ನನ್ನ ವಾದ.

ಹಾಡಿಗೆ ಬಂದರೂ ಇದೇ ಗುಣ. ತ್ರುಫೋ ಅವರ ‘ಜೂಲ್ ಎ ಜಿಮ್’ (1962) ಚಿತ್ರದಲ್ಲಿ ಅವರು ಕುಳಿತು ಹಾಡುವ ‘ಲ ತೂರ್ಬಿಯೋಂ’ ಗೆಳೆಯ ಸೆರ್ಜ್ ರೆಜ್ವಾನಿ ಬರೆದದ್ದು. ಹಾಡುತ್ತಾ ಹಾಡುತ್ತಾ ಚರಣಗಳು ಅದಲುಬದಲಾಗುತ್ತವೆ. ಮೊರೋ ನಿಲ್ಲಿಸುವುದಿಲ್ಲ, ಕೈಸನ್ನೆಯೊಂದನ್ನು ಮಾಡಿ, ನಗುತ್ತಾ ಮುಂದೆ ಸಾಗುತ್ತಾರೆ. ತ್ರುಫೋ ಅದನ್ನು ಹಾಗೆಯೇ ಉಳಿಸಿಕೊಂಡರು. ಮಹಾಗಾಯಕಿಯ ಕಂಠ ಅವರದಲ್ಲ. ಮಾತಾಡಿದಂತೆ ಹಾಡುವ, ತುಸು ಒರಟಾದ ದನಿ. ಆದರೆ ಕೇಳಿದವರು ಮರೆಯುವುದಿಲ್ಲ. ಮರುವರ್ಷವೇ ರೆಜ್ವಾನಿಯವರ ಹಾಡುಗಳದ್ದೇ ಒಂದು ಆಲ್ಬಮ್ ಬಂತು. ‘ನಟಿಗೇಕೆ ಹಾಡು’ ಎಂದು ಯಾರೂ ಮೂಗು ಮುರಿಯಲಿಲ್ಲ.

ಈಗ ವಯಸ್ಸಿನ ಲೆಕ್ಕ ನೋಡಿ. ತೆರೆಕಂಡ ಮೊದಲ ಕಥಾಚಿತ್ರದ ಹೊತ್ತಿಗೆ ಮಾಲ್ ಅವರಿಗೆ 25, ತ್ರುಫೋ ಅವರಿಗೆ 27. ಇವರಿಬ್ಬರಿಗೂ ಮುಖ ಕೊಟ್ಟು, ಆಂತೋನಿಯೋನಿ, ಬುನ್ಯುವೆಲ್, ಆರ್ಸನ್ ವೆಲ್ಸ್ ಅವರ ಸೆಟ್ಟುಗಳಲ್ಲಿ ಪಳಗಿದ ಮೊರೋ ತಮ್ಮ ಮೊದಲ ಚಿತ್ರ ‘ಲೂಮಿಯೇರ್’ ತೆರೆಗೆ ತಂದದ್ದು 1976ರಲ್ಲಿ, 48ನೇ ವಯಸ್ಸಿನಲ್ಲಿ. ಅಷ್ಟು ದೊಡ್ಡ ಪಾಠಶಾಲೆ ಯಾವ ಹೊಸ ನಿರ್ದೇಶಕನಿಗೆ ಸಿಕ್ಕಿತ್ತು?

ಅವರು ನಟಿಸಿದ ಚಿತ್ರಗಳ ಎತ್ತರಕ್ಕೆ ನಿರ್ದೇಶಿಸಿದ ಚಿತ್ರಗಳು ಏರಲಿಲ್ಲ ಎಂಬ ಆಕ್ಷೇಪವಿದೆ. ‘ಲೂಮಿಯೇರ್’ ಮಟ್ಟಿಗೆ ಅದನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಮಾತು ಹೆಚ್ಚು, ಹೆಣಿಗೆ ಸಡಿಲ. ಆದರೆ ನಾಲ್ವರು ನಟಿಯರ ನಡುವಿನ ಸ್ನೇಹವನ್ನು ಒಳಗಿನಿಂದ ಕಂಡ ಕಣ್ಣು ಅಲ್ಲಿದೆ. 1979ರ ‘ಲಾದೊಲೆಸಾಂತ್’ ಮಾತ್ರ ಗಟ್ಟಿ ಚಿತ್ರ. 1939ರ ಬೇಸಿಗೆ, ಯುದ್ಧ ಬಾಗಿಲಿಗೆ ಬಂದಿದೆ. ಹಳ್ಳಿಯ ಅಜ್ಜಿಯ ಮನೆಗೆ ಬಂದ ಹುಡುಗಿಯೊಬ್ಬಳು ದೊಡ್ಡವಳಾಗುತ್ತಿದ್ದಾಳೆ. ಅಜ್ಜಿಯ ಪಾತ್ರದಲ್ಲಿ ಸಿಮೋನ್ ಸಿನ್ಯೋರೆ. ಮುಂದೆ ಮೂಕಿ ಯುಗದ ನಟಿ ಲಿಲಿಯನ್ ಗಿಶ್ ಕುರಿತು ಒಂದು ಸಾಕ್ಷ್ಯಚಿತ್ರ ಮಾಡಿದರು. ಮೂರನೆಯ ಕಥಾಚಿತ್ರ ಬರಲೇ ಇಲ್ಲ. ತ್ರುಫೋ ಇಪ್ಪತ್ತಕ್ಕೂ ಹೆಚ್ಚು ಕಥಾಚಿತ್ರ ಮಾಡಿದರು, ಅವುಗಳಲ್ಲಿ ಸೋತವೂ ಇವೆ. ಎಡವಿ ಎದ್ದು ಕಲಿಯಲು ಅಷ್ಟು ಅವಕಾಶ ಸಿಕ್ಕವರನ್ನೂ ಎರಡೇ ಚಿತ್ರ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

2000ದಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಮೊರೋ. 2005ರಲ್ಲಿ ಆಂಜೆ ಪಟ್ಟಣದಲ್ಲಿ, ಮೊದಲ ಚಿತ್ರಕ್ಕೆ ಸಿದ್ಧರಾಗುವ ಯುವ ನಿರ್ದೇಶಕರಿಗಾಗಿ ಕಾರ್ಯಾಗಾರ ಆರಂಭಿಸಿದರು. ಆಗ ಅವರಿಗೆ 77. ಮೊರೋ ಎಂದರೆ ‘ಜೂಲ್ ಎ ಜಿಮ್’ ಎಂದಷ್ಟೇ ಬಲ್ಲ ಸಿನಿಮಾಪ್ರಿಯರು ದಯವಿಟ್ಟು ‘ಲಾದೊಲೆಸಾಂತ್’ ಹುಡುಕಿ ನೋಡಿ. ನಮ್ಮ ಫಿಲ್ಮ್ ಸೊಸೈಟಿಗಳು ಅವರ ಹೆಸರಿನಲ್ಲಿ ಚಿತ್ರೋತ್ಸವ ಮಾಡುವುದಾದರೆ, ಅವರು ನಿರ್ದೇಶಿಸಿದ ಚಿತ್ರಗಳನ್ನೂ ಪಟ್ಟಿಗೆ ಸೇರಿಸಲಿ.