ವಿದೇಶದ ಸರ್ವರ್, ಸ್ವದೇಶದ ಕಾನೂನು: ಸೈಬರ್ ದೂರು ಗಡಿ ದಾಟುವ ಬಗೆ

ಬಾಗಲಕೋಟೆಯ ವಿದ್ಯಾಗಿರಿಯ ನಿವಾಸಿಯೊಬ್ಬರಿಗೆ ಹೊರದೇಶದ ಸರ್ವರ್ ಮೂಲಕ ಬೆದರಿಕೆಯ ಇ-ಮೇಲ್ ಬಂದಿತೆಂದು ಭಾವಿಸೋಣ. ಭಾರತದ ಕಾನೂನು ಈ ಕೃತ್ಯಕ್ಕೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 75 ಸ್ಪಷ್ಟ ಉತ್ತರ ನೀಡುತ್ತದೆ. ಕೃತ್ಯವು ಭಾರತದಲ್ಲಿರುವ ಕಂಪ್ಯೂಟರ್ ಅಥವಾ ಕಂಪ್ಯೂಟರ್ ಜಾಲವನ್ನು ಒಳಗೊಂಡಿದ್ದಲ್ಲಿ, ಅದನ್ನು ಎಸಗಿದವರು ಯಾವ ದೇಶದ ಪ್ರಜೆಯಾಗಿದ್ದರೂ, ಯಾವ ದೇಶದಲ್ಲಿದ್ದರೂ ಈ ಅಧಿನಿಯಮ ಅವರಿಗೆ ಅನ್ವಯವಾಗುತ್ತದೆ. ಆದರೆ ಅಧಿನಿಯಮದ ವ್ಯಾಪ್ತಿ ಒಂದು, ತನಿಖಾಧಿಕಾರಿಯ ಕೈ ತಲುಪುವ ದೂರ ಇನ್ನೊಂದು.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ವಿಷಯವು ರಾಜ್ಯ ಪಟ್ಟಿಗೂ, ವಿದೇಶಾಂಗ ವ್ಯವಹಾರ ಹಾಗೂ ಅನ್ಯ ದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದಗಳು ಕೇಂದ್ರ ಪಟ್ಟಿಗೂ ಸೇರಿವೆ. ಆದ್ದರಿಂದ ಜಿಲ್ಲಾ ಪೊಲೀಸರು ವಿದೇಶಿ ಸರ್ಕಾರಕ್ಕೆ ನೇರವಾಗಿ ಪತ್ರ ಬರೆದು ಸಾಕ್ಷ್ಯ ಕೋರಲು ಅವಕಾಶವಿಲ್ಲ. ದಿನಾಂಕ 1-7-2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 112ರನ್ವಯ ತನಿಖಾಧಿಕಾರಿಯು ಕ್ರಿಮಿನಲ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ನ್ಯಾಯಾಲಯವು ಕೋರಿಕೆ ಪತ್ರ ಹೊರಡಿಸುತ್ತದೆ. ಅದು ಕೇಂದ್ರ ಗೃಹ ಸಚಿವಾಲಯದ ಮೂಲಕ, ಪರಸ್ಪರ ಕಾನೂನು ನೆರವಿನ ಒಪ್ಪಂದವಿದ್ದಲ್ಲಿ ಆ ಒಪ್ಪಂದದ ಪ್ರಕಾರ, ಇಲ್ಲವಾದಲ್ಲಿ ರಾಜತಾಂತ್ರಿಕ ಮಾರ್ಗದಲ್ಲಿ ಸಂಬಂಧಿಸಿದ ದೇಶವನ್ನು ತಲುಪುತ್ತದೆ. ಆರೋಪಿತ ಕೃತ್ಯವು ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕೆಂಬ ಷರತ್ತು ಅನೇಕ ಒಪ್ಪಂದಗಳಲ್ಲಿದೆ. ಇಷ್ಟು ಮೆಟ್ಟಿಲು ಹತ್ತುವುದಕ್ಕೆ ಹಿಡಿಯುವ ಕಾಲವನ್ನು ಹೇಳಬೇಕಾಗಿಲ್ಲ.

ಈ ತೊಡಕು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದಲ್ಲಿ ಕಣ್ಣಿಗೆ ಕಟ್ಟುವಂತೆ ಪ್ರಕಟವಾಯಿತು. ಖಾಸಗಿ ಸಂಸ್ಥೆಯೊಂದರ ಮಹಿಳಾ ಸಿಬ್ಬಂದಿಯನ್ನು ಗುರಿಯಾಗಿಸಿ ಪ್ರೋಟಾನ್ ಮೇಲ್ ಸೇವೆಯ ಮೂಲಕ ಅಶ್ಲೀಲ ಸಂದೇಶಗಳನ್ನು ಕಳುಹಿಸಲಾಗಿದೆ ಎಂಬುದು ಅರ್ಜಿದಾರರ ದೂರು. ಆ ಸೇವೆ ನಡೆಸುವ ಕಂಪನಿ ಸ್ವಿಟ್ಜರ್ಲೆಂಡಿನದು. ಅಲ್ಲಿನ ಕಂಪನಿಗಳು ವಿದೇಶಿ ಪೊಲೀಸರಿಗೆ ನೇರವಾಗಿ ಮಾಹಿತಿ ಒಪ್ಪಿಸುವುದನ್ನು ಆ ದೇಶದ ದಂಡ ಸಂಹಿತೆ ನಿರ್ಬಂಧಿಸುತ್ತದೆ. ಎರಡು ದೇಶಗಳ ನಡುವಣ ಕಾನೂನು ನೆರವಿನ ಏರ್ಪಾಡನ್ನು ಬಳಸಿ ಮಾಹಿತಿ ಪಡೆಯಬಹುದೆಂಬ ವಾದ ಕೇಂದ್ರದ ಪರವಾಗಿ ಮಂಡಿತವಾಯಿತು. ದಿನಾಂಕ 29-4-2025ರಂದು ಏಕಸದಸ್ಯ ಪೀಠವು ಸದರಿ ಸೇವೆಯನ್ನು ಕಲಂ 69ಎ ಅನ್ವಯ ನಿರ್ಬಂಧಿಸುವ ಪ್ರಕ್ರಿಯೆ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಗಮನಿಸಬೇಕಾದುದು ಇಷ್ಟೆ: ನಿರ್ಬಂಧವು ಬಾಗಿಲು ಮುಚ್ಚುತ್ತದೆ, ಆದರೆ ಸಂದೇಶ ಕಳುಹಿಸಿದವರು ಯಾರೆಂಬುದನ್ನು ತಿಳಿಸುವುದಿಲ್ಲ. ಅದನ್ನು ತಿಳಿಯಲು ಮತ್ತೆ ಅದೇ ರಾಜತಾಂತ್ರಿಕ ದಾರಿಯನ್ನೇ ಹಿಡಿಯಬೇಕು.

ವಾಸ್ತವವಾಗಿ 2000ದ ಅಧಿನಿಯಮವೇ ಅಂತರರಾಷ್ಟ್ರೀಯ ಸಮಾಲೋಚನೆಯ ಫಲ. ವಿಶ್ವಸಂಸ್ಥೆಯ ಮಹಾಸಭೆಯು 30-1-1997ರ ನಿರ್ಣಯದಲ್ಲಿ ಶಿಫಾರಸು ಮಾಡಿದ ವಿದ್ಯುನ್ಮಾನ ವಾಣಿಜ್ಯದ ಮಾದರಿ ಕಾನೂನನ್ನು ಅದರ ಪೀಠಿಕೆ ಉಲ್ಲೇಖಿಸುತ್ತದೆ. ರಾಜ್ಯದಲ್ಲಿ 2001ರಲ್ಲಿ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾದಾಗ ಅದರ ವ್ಯಾಪ್ತಿ ಇಡೀ ಕರ್ನಾಟಕವಾಗಿತ್ತು. ಉಪ ಅಧೀಕ್ಷಕರ ದರ್ಜೆಗಿಂತ ಕೆಳಗಿನವರು ತನಿಖೆ ನಡೆಸುವಂತಿರಲಿಲ್ಲ. ದಿನಾಂಕ 27-10-2009ರಿಂದ ಜಾರಿಗೆ ಬಂದ ತಿದ್ದುಪಡಿಯು ಆ ಅಧಿಕಾರವನ್ನು ಇನ್ಸ್‌ಪೆಕ್ಟರ್ ದರ್ಜೆಗೆ ಇಳಿಸಿತು. ಮುಂದೆ ಜಿಲ್ಲೆಗಳಲ್ಲಿ ಸಿ.ಇ.ಎನ್. ಠಾಣೆಗಳು ಬಂದವು. ಹೀಗೆ ದೇಶದೊಳಗಿನ ತನಿಖೆ ಜಿಲ್ಲೆಗೆ ಸಮೀಪಿಸಿತು. ಹೊರದೇಶದ ಸಾಕ್ಷ್ಯಕ್ಕೆ ಮಾತ್ರ ದಾರಿ ಇಂದಿಗೂ ದೆಹಲಿಯ ಮೂಲಕವೇ.

ಸೈಬರ್ ಅಪರಾಧ ಕುರಿತು ಯುರೋಪ್ ಮಂಡಳಿಯು 2001ರಲ್ಲಿ ರೂಪಿಸಿದ ಬುಡಾಪೆಸ್ಟ್ ಒಡಂಬಡಿಕೆಗೆ ಭಾರತ ಸೇರಿಲ್ಲ. ಅದರ ರಚನೆಯಲ್ಲಿ ಭಾರತಕ್ಕೆ ಪಾತ್ರವಿರಲಿಲ್ಲವೆಂಬುದು ಒಂದು ಕಾರಣವಾದರೆ, ಗಡಿಯಾಚೆಯ ದತ್ತಾಂಶವನ್ನು ಆ ದೇಶದ ಸರ್ಕಾರದ ಅನುಮತಿಯಿಲ್ಲದೆಯೇ ಪಡೆಯಲು ಕೆಲವು ಸಂದರ್ಭಗಳಲ್ಲಿ ಅವಕಾಶ ನೀಡುವ 32ನೆಯ ವಿಧಿಯು ಸಾರ್ವಭೌಮತ್ವಕ್ಕೆ ಧಕ್ಕೆ ತರಬಹುದೆಂಬ ಆತಂಕ ಮತ್ತೊಂದು. ವಿಶ್ವಸಂಸ್ಥೆಯ ಮಹಾಸಭೆಯು 24-12-2024ರಂದು ಅಂಗೀಕರಿಸಿದ ಸೈಬರ್ ಅಪರಾಧ ವಿರೋಧಿ ಒಡಂಬಡಿಕೆಯ ರಚನೆಯಲ್ಲಿ ಭಾರತವು ಭಾಗವಹಿಸಿತ್ತು. ದಿನದ 24 ಗಂಟೆಯೂ ಲಭ್ಯವಿರುವ ಸಂಪರ್ಕ ಕೇಂದ್ರಗಳು ಮತ್ತು ದತ್ತಾಂಶವನ್ನು ತ್ವರಿತವಾಗಿ ಕಾದಿರಿಸುವ ವಿಧಾನ ಅದರಲ್ಲಿವೆ. 40 ದೇಶಗಳು ಸ್ಥಿರೀಕರಿಸಿದ 90 ದಿನಗಳ ನಂತರ ಅದು ಜಾರಿಗೆ ಬರತಕ್ಕದ್ದು. ಸಂವಿಧಾನದ 253ನೆಯ ಅನುಚ್ಛೇದದ ಪ್ರಕಾರ ಇಂತಹ ಒಡಂಬಡಿಕೆಯನ್ನು ಕಾರ್ಯಗತಗೊಳಿಸಲು ಕಾನೂನು ರಚಿಸುವ ಅಧಿಕಾರ ಸಂಸತ್ತಿಗಿದೆ.

ಅಮೆರಿಕವು 2022ರಲ್ಲಿ ತನ್ನ ವಿದೇಶಾಂಗ ಇಲಾಖೆಯಲ್ಲಿ ಸೈಬರ್ ವ್ಯವಹಾರಗಳ ವಿಭಾಗ ಸ್ಥಾಪಿಸಿ, ಅದೇ ವರ್ಷದ ಕೊನೆಗೆ ಕಾಯ್ದೆಯ ಆಧಾರವನ್ನೂ ಒದಗಿಸಿತು. ಭಾರತದಲ್ಲಿ ಸೈಬರ್ ರಾಜತಾಂತ್ರಿಕತೆಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ವಿದೇಶಾಂಗ ಸಚಿವಾಲಯವು ಕಾರ್ಯಾಂಗದ ಅಧಿಕಾರದಡಿ ಈ ಕೆಲಸ ನಿರ್ವಹಿಸುತ್ತದೆ. ಇದರಿಂದ ಮಾತುಕತೆಯಲ್ಲಿ ಅನುಕೂಲವುಂಟು. ಆದರೆ ವಿದೇಶಕ್ಕೆ ಹೋದ ಕೋರಿಕೆ ಪತ್ರಕ್ಕೆ ಇಂತಿಷ್ಟು ದಿನಗಳಲ್ಲಿ ಉತ್ತರ ದೊರಕಬೇಕೆಂಬ ಶಾಸನಬದ್ಧ ಭರವಸೆ ದೂರುದಾರರಿಗೆ ಇಲ್ಲವೆಂಬುದು ಸಣ್ಣ ಕೊರತೆಯೇನಲ್ಲ.

ರಾಜತಾಂತ್ರಿಕತೆಯ ಅಗತ್ಯ ಕೇವಲ ಸಾಕ್ಷ್ಯಕ್ಕೆ ಸೀಮಿತವಲ್ಲ. ಉದ್ಯೋಗದ ಆಮಿಷಕ್ಕೆ ಒಳಗಾಗಿ ಆಗ್ನೇಯ ಏಷ್ಯಾದ ವಂಚನಾ ಕೇಂದ್ರಗಳಲ್ಲಿ ಸಿಲುಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿ ಭಾಗದಿಂದ ವಾಯುಪಡೆಯ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಕಂಪ್ಯೂಟರ್ ಜ್ಞಾನವುಳ್ಳ ಯುವಕರೇ ಈ ಜಾಲದ ಗುರಿಯಾಗಿರುವುದರಿಂದ, 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇರುವ ವಿದ್ಯಾಗಿರಿಯಂತಹ ಶಿಕ್ಷಣ ಕೇಂದ್ರಗಳಿಗೆ ಈ ವಿಷಯ ದೂರದ್ದಲ್ಲ. ವಿದೇಶದಲ್ಲಿ ನೌಕರಿ ಕೊಡಿಸುವೆನೆಂದು ಬರುವ ಏಜೆಂಟರು 1983ರ ವಲಸೆ ಅಧಿನಿಯಮದಡಿ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದಾಗಿದೆ.

ಭಾರತದಲ್ಲಿನ ಸೇವಾದಾರರು 180 ದಿನಗಳ ಲಾಗ್ ದಾಖಲೆ ಇರಿಸತಕ್ಕದ್ದೆಂದು ಸಿ.ಇ.ಆರ್.ಟಿ.-ಇನ್ ಸಂಸ್ಥೆಯು 28-4-2022ರಂದು ನಿರ್ದೇಶನ ನೀಡಿದೆ. ವಿದೇಶಿ ಸೇವೆಗಳ ಅವಧಿ ಬೇರೆ ಬೇರೆ. ಆದಕಾರಣ ಹಣ ಕಳೆದುಕೊಂಡವರು ಕೂಡಲೇ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಬೆದರಿಕೆ ಸಂದೇಶ ಬಂದವರು ಅದನ್ನು ಅಳಿಸದೆ, ಪೂರ್ಣ ಹೆಡರ್ ಸಹಿತ ಉಳಿಸಿಕೊಂಡು ಠಾಣೆಗೆ ಒಪ್ಪಿಸತಕ್ಕದ್ದು. ಕೋರಿಕೆ ಪತ್ರದಲ್ಲಿ ನಮೂದಿಸಬೇಕಾದ ವಿವರಗಳಲ್ಲಿ ಬಹುಪಾಲು ದೊರೆಯುವುದು ಆ ಹೆಡರ್‌ನಿಂದಲೇ.